ಅರಿಷಿಣ ಹಚ್ಚಿದ ಸುಳ್ಳು ಕಾರ್ಡು

ನಾನು ಚಿಕ್ಕವಳಿದ್ದಾಗ ಒಂದು ವರ್ಷ ನಮ್ಮ ಮನೆಯಲ್ಲಿ ಪಂಚಮಿ ಹಬ್ಬ ಇಲ್ಲ ಅಂತ ಅಪ್ಪ ಹೇಳಿಬಿಟ್ಟಿದ್ದ. ಆ ವರ್ಷವೇ ನಾನು ಅಪ್ಪನ ಹೆಸರಿನಲ್ಲಿ ಒಂದು ದೊಡ್ಡ ಸುಳ್ಳು ಬರೆದೆ. ನಮ್ಮಜ್ಜಿ ಸುಳ್ಳು ಹೇಳಿದ್ದಳಾ ಅಂತ ಹಾಗೆ ಕಣ್ಣರಳಿಸಬೇಡಿ. ಹೇಳಿದ್ದೆ, ಅದೂ ಟಪಾಲಿನಲ್ಲಿ ಹಾಕಿ ಕಳಿಸಿದ್ದೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಇವತ್ತು ಹೇಳುತ್ತೇನೆ. ನಡುನಡುವೆ ಬಾಯಿ ಹಾಕದೆ ಕೇಳಿ.

ನಮ್ಮೂರು ತಾಳಿಕೋಟೆಯಿಂದ ಒಂದು ಹರದಾರಿ, ಅಂದರೆ ಮೂರು ಮೈಲಿ ದೂರ, ಡೋಣಿ ಹೊಳೆಯ ದಂಡೆಗೆ. ಎತ್ತ ನೋಡಿದರೂ ಕರಿ ಎರೆ ಹೊಲ. ಅದು ಎಪ್ಪತ್ತರ ದಶಕದ ನಡುವಿನ ಮಾತು. ದೊಡ್ಡ ಬರ ಕಳೆದು ಮಳೆ ಮತ್ತೆ ಹಾದಿಗೆ ಬಂದಿತ್ತು. ಹೆಸರು ಮೊಣಕಾಲ ಮಟ್ಟ, ಸಜ್ಜೆ ಸೊಂಟದ ಮಟ್ಟ ಎದ್ದು ನಿಂತಿದ್ದವು. ಊರಿನವರಿಗೆಲ್ಲ ಅದು ಒಳ್ಳೆಯ ವರ್ಷ. ನಮ್ಮ ಮನೆಗೆ ಮಾತ್ರ ಅಂಥ ಕೆಟ್ಟ ವರ್ಷ ಹಿಂದೆ ಬಂದಿರಲಿಲ್ಲ.

ಬೇಸಿಗೆಯಲ್ಲಿ ಅಕ್ಕನ ಮದುವೆಯಾಯಿತು. ಅವಳನ್ನು ಸಿಂದಗಿ ಕಡೆ, ಮೋರಟಗಿ ಹತ್ತಿರದ ಒಂದು ಹಳ್ಳಿಗೆ ಕೊಟ್ಟರು. ಅಕ್ಕ ಗಂಡನ ಮನೆಗೆ ಹೋಗಿ ತಿಂಗಳು ತುಂಬಿರಲಿಲ್ಲ, ಅವ್ವನಿಗೆ ಜ್ವರ ಬಂತು. ಹತ್ತು ದಿನ ಮಲಗಿದಳು. ಹನ್ನೊಂದನೆಯ ದಿನ ಹೋಗಿಬಿಟ್ಟಳು. ಮದುವೆಗೆಂದು ಅವಳೇ ನಿಂತು ಬಳಿಸಿದ ಗೋಡೆಯ ಸುಣ್ಣ ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು. ಆ ಗೋಡೆ ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಸಿಟ್ಟು ಅಂತ ಕೇಳಿದರೆ ಈಗಲೂ ಹೇಳಲಾರೆ.

ಅಕ್ಕ ಅವ್ವನ ಮಣ್ಣಿಗೆ ಬಂದು, ದಿನಕರ್ಮ ಮುಗಿಸಿ, ಅತ್ತುಕೊಂಡೇ ಗಂಡನ ಮನೆಗೆ ತಿರುಗಿ ಹೋದಳು. ಮನೆಯಲ್ಲಿ ಉಳಿದವರು ಮೂವರು: ಅಪ್ಪ, ಅಪ್ಪನ ತಾಯಿ, ಮತ್ತೆ ನಾನು. ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಆಯಿಗೆ ಕಣ್ಣು ಮಂಜಾಗಿತ್ತು. ತಡವರಿಸುತ್ತಲೇ ಅಡಿಗೆ ಮಾಡುತ್ತಿದ್ದಳು. ರೊಟ್ಟಿ ಒಂದು ಕಡೆ ಸುಟ್ಟು ಇನ್ನೊಂದು ಕಡೆ ಹಸಿಯಾಗಿರುತ್ತಿತ್ತು. ಅಪ್ಪ ಅದನ್ನೇ ತಿಂದು ಏಳುತ್ತಿದ್ದ. ನಾನೂ ತಿನ್ನುತ್ತಿದ್ದೆ.

ಶ್ರಾವಣ ಬಂತು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಗಂಡನ ಮನೆಯಲ್ಲಿರುವ ಮಗಳನ್ನು ಕರೆತರಲು ತವರಿನಿಂದ ಅಪ್ಪನೋ ಅಣ್ಣನೋ ಹೋಗಬೇಕು. ಮದುವೆಯಾದ ಮೊದಲ ಪಂಚಮಿಗಂತೂ ತಪ್ಪಿಸುವ ಹಾಗೇ ಇಲ್ಲ. ಯಾರೂ ಕರೆಯಲು ಬರದ ಸೊಸೆಯನ್ನು ಓಣಿಯ ಹೆಂಗಸರು ನೀರಿಗೆ ಹೋದಲ್ಲಿ, ಬಂದಲ್ಲಿ ಕೇಳುತ್ತಾರೆ, “ಯಾಕವ್ವ, ನಿಮ್ಮಪ್ಪ ಇನ್ನೂ ಬರಲಿಲ್ಲೇನ?” ಅಂತ. ಇನ್ನೊಂದು ರೂಢಿಯೂ ಇತ್ತು. ಸಾವಾದ ಮನೆಯಲ್ಲಿ ವರ್ಷ ಕಳೆಯುವ ತನಕ ಹಬ್ಬವಿಲ್ಲ. ಒಲೆಯ ಮೇಲೆ ಎಣ್ಣೆ ಬಾಣಲೆ ಇಡಬಾರದು, ಉಂಡಿ ಕಟ್ಟಬಾರದು, ಜೋಕಾಲಿ ಹಾಕಬಾರದು. ಆ ವರ್ಷ ಒಂದು ರೂಢಿ ಅಕ್ಕನನ್ನು ಕರೆ ಅನ್ನುತ್ತಿತ್ತು, ಇನ್ನೊಂದು ಬೇಡ ಅನ್ನುತ್ತಿತ್ತು.

ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಆಯಿಗೂ ಇಲ್ಲ. ನಾಲ್ಕನೆಯ ಇಯತ್ತೆಯಲ್ಲಿದ್ದ ನಾನೇ ಮನೆಗೆಲ್ಲ ಕಾರಕೂನಳು. ಒಂದು ಸಂಜೆ ಅಪ್ಪ ಅಂಗಿಯ ಕಿಸೆಯಿಂದ ಒಂದು ಕಾರ್ಡು ತೆಗೆದು ನನ್ನ ಮುಂದಿಟ್ಟ. “ನಿಮ್ಮಕ್ಕಗ ಬರಿ” ಅಂದ. ನಾನು ಪಾಟಿಯ ಮೇಲೆ ಕಾರ್ಡು ಇಟ್ಟುಕೊಂಡು ಕೂತೆ. ಅಪ್ಪ ಹೇಳುತ್ತ ಹೋದ:

“ನಾವು ಎಲ್ಲಾರೂ ಆರಾಮ ಅದೇವಿ. ಈ ವರ್ಷ ನಮ್ಮ ಮನ್ಯಾಗ ಹಬ್ಬ ಇಲ್ಲ. ಅದಕ್ಕ ನಿನ್ನ ಕರಿಯಾಕ ಬರಾಂಗಿಲ್ಲ. ನೀ ಅಲ್ಲೇ ಹಬ್ಬ ಮಾಡು. ಮನಸ್ಸಿಗೆ ಹಚ್ಕೋಬ್ಯಾಡ.”

ಆರಾಮ ಇದ್ದೇವೆ ಅನ್ನುವ ತನಕ ಬರೆದೆ. ಮುಂದೆ ಕೈ ಓಡಲಿಲ್ಲ. “ಅಪ್ಪಾ, ಅಕ್ಕ ಹಾದಿ ನೋಡ್ತಾಳಲ್ಲ?” ಅಂದೆ.

ಅಪ್ಪ ಹೊರಗೆ ನೋಡುತ್ತ ಹೇಳಿದ, “ಬಂದು ಏನ್ ಮಾಡ್ತಾಳ ಮಗಳ? ಅವ್ವ ಇಲ್ಲದ ಮನಿ ನೋಡಿ ಅಳಾಕ ಬರಬೇಕೇನ? ಅಲ್ಲಿ ನಾಕು ಮಂದಿ ಅದಾರ. ಉಂಡಿ ಐತಿ, ಜೋಕಾಲಿ ಐತಿ. ಅಲ್ಲೇ ನಕ್ಕೋತ ಇರ್ಲಿ.”

ಈಗ ಆ ಮಾತು ನೆನೆದರೆ ಕರುಳು ಚುರುಕ್ಕನ್ನುತ್ತದೆ. ಆಗ ಮಾತ್ರ ನನಗೆ ಬೇರೆಯೇ ಕೇಳಿಸಿತು. ಅಪ್ಪನಿಗೆ ಅಕ್ಕ ಬೇಡವಾಗಿದ್ದಾಳೆ ಅಂದುಕೊಂಡೆ. ಇವತ್ತು ಅಕ್ಕ, ನಾಳೆ ನಾನು. ಒಂಬತ್ತು ವರ್ಷದ ತಲೆಗೆ ಇನ್ನೇನು ಹೊಳೆದೀತು ಹೇಳಿ. ನನಗಂತೂ ಅಕ್ಕ ಬೇಕಾಗಿದ್ದಳು. ಅವಳ ಮಗ್ಗುಲಲ್ಲಿ ಮಲಗಬೇಕಾಗಿತ್ತು. ಅವ್ವನ ಸುದ್ದಿಯನ್ನು ಆಯಿಯ ಮುಂದೆ ಎತ್ತಿದರೆ ಅಳುತ್ತಿದ್ದಳು, ಅಪ್ಪನ ಮುಂದೆ ಎತ್ತಿದರೆ ಎದ್ದು ಹೋಗುತ್ತಿದ್ದ. ಅಕ್ಕನೊಬ್ಬಳ ಜೊತೆಗೇ ಆ ಮಾತು ಆಡಬಹುದಿತ್ತು.

ನಾನು ತಲೆ ತಗ್ಗಿಸಿ ಬರೆದೆ: “ಪಂಚಮಿಗೆ ನಿನ್ನನ್ನು ಕರೆಯಲು ತಪ್ಪದೆ ಬರುತ್ತೇನೆ. ತಯಾರಾಗಿರು. ಇಂತಿ ನಿನ್ನ ಅಪ್ಪ.”

“ಬರದೇನ? ಓದು” ಅಂದ ಅಪ್ಪ. ಪ್ರತಿ ಸಲವೂ ಓದಿಸಿ ಕೇಳುವುದು ಅವನ ಪದ್ಧತಿ. ನಾನು ಕಾರ್ಡಿನ ಮೇಲೆ ಬೆರಳಿಟ್ಟು, ಅವನು ಹೇಳಿದ್ದನ್ನೇ ಒಂದಕ್ಷರ ಬಿಡದೆ ಒಪ್ಪಿಸಿದೆ. ಹಬ್ಬ ಇಲ್ಲ, ಬರುವುದಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಎಲ್ಲ. ಅಪ್ಪ ತಲೆಯಾಡಿಸಿದ. ಅಂಥ ಬೆರಕಿ ಹುಡುಗಿ ನಾನು!

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ನಮ್ಮಲ್ಲಿ ಶುಭದ ಕಾಗದವಿದ್ದರೆ ಅದರ ನಾಲ್ಕು ಮೂಲೆಗೆ ಅರಿಷಿಣ ಹಚ್ಚುತ್ತಿದ್ದರು. ಅಕ್ಕನ ಮದುವೆಯ ಕರೆಗಳಿಗೆ ಅವ್ವ ಕೂತು ಹಚ್ಚಿದ್ದನ್ನು ನೋಡಿದ್ದೆ. ಅಕ್ಕನಿಗೆ ಖುಷಿಯಾಗಲಿ ಅಂತ ಅಡಿಗೆ ಮನೆಗೆ ಹೋಗಿ, ಡಬ್ಬಿಯಲ್ಲಿ ಬೆರಳದ್ದಿ, ನಾಲ್ಕೂ ಮೂಲೆಗೆ ತೀಡಿದೆ. ಸಾವಾದ ಮನೆಯಿಂದ ವರ್ಷದೊಳಗೆ ಅರಿಷಿಣದ ಕಾಗದ ಹೋಗಬಾರದು ಅನ್ನುವುದು ನನಗೆ ಗೊತ್ತಿರಲಿಲ್ಲ. ಮರುದಿನ ಸಾಲಿಗೆ ಹೋಗುವಾಗ ಕಾರ್ಡನ್ನು ಟಪಾಲಿನವರ ಕೈಗೆ ಕೊಟ್ಟೆ.

ಕೊಟ್ಟ ದಿನ ಬಹಳ ಹಿಗ್ಗಿದ್ದೆ. ಬರೆದದ್ದಾಯಿತು, ಇನ್ನು ಅಪ್ಪ ಹೋಗಿ ಕರೆತರುತ್ತಾನೆ ಅನ್ನುವ ಹಾಗೆ. ರೊಟ್ಟಿ ತಿನ್ನುವಾಗ ಅಪ್ಪನ ಮುಖ ನೋಡಿದೆ ನೋಡಿ, ಎದೆ ಧಸಕ್ಕಂದಿತು. ಅಪ್ಪನಿಗೆ ಆ ಕಾರ್ಡಿನಲ್ಲಿ ಏನಿದೆ ಅನ್ನುವುದೇ ಗೊತ್ತಿಲ್ಲವಲ್ಲ! ಅವನು ಹೋಗುವುದಿಲ್ಲ. ಅಕ್ಕ ತಯಾರಾಗಿ ಹೊಸ್ತಿಲಲ್ಲಿ ಕೂತಿರುತ್ತಾಳೆ. ಬರುವುದಿಲ್ಲ ಅಂತ ಬರೆದಿದ್ದರೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದಳು. ಈಗ ದಿನಾ ದಾರಿ ನೋಡುತ್ತಾಳೆ. ಓಣಿಯವರು ದಿನಾ ಕೇಳುತ್ತಾರೆ.

ಹೇಳಿಬಿಡೋಣ ಅಂದರೆ ಬಾಯಿ ಏಳಲಿಲ್ಲ. ಊರಿನಲ್ಲಿ ಹಬ್ಬದ ಗದ್ದಲ ಶುರುವಾಗಿತ್ತು. ಮನೆಮನೆಯಲ್ಲೂ ಜೋಳದ ಅಳ್ಳು ಹುರಿಯುವ ಸಪ್ಪಳ, ಬೆಲ್ಲದ ಪಾಕದ ವಾಸನೆ. ಬೇವಿನ ಗಿಡಗಳಿಗೆ ಜೋಕಾಲಿ ಬಿದ್ದಿದ್ದವು. ಜಿಟಿಜಿಟಿ ಮಳೆಯಲ್ಲೇ ಹುಡುಗಿಯರು ಜೀಕುತ್ತಿದ್ದರು. ನನ್ನನ್ನೂ ಕರೆದರು. ನಾನು ಹೊಟ್ಟೆನೋವು ಅಂತ ಹೇಳಿ ಮನೆಗೆ ಬಂದೆ.

ಹಬ್ಬ ಮೂರು ದಿನ ಉಳಿದಾಗ ಅಕ್ಕನ ಕಾರ್ಡು ಬಂತು. ಅಪ್ಪ ಪಡಸಾಲೆಯಲ್ಲಿ ಪುಂಡಿನಾರಿನ ಹಗ್ಗ ಹೊಸೆಯುತ್ತ ಕೂತಿದ್ದ. ಆಯಿ ಕಂಬಕ್ಕೊರಗಿ ಕಾಳು ಹಸನು ಮಾಡುತ್ತಿದ್ದಳು. “ಓದವ್ವ, ಏನ್ ಬರದಾಳ ನೋಡು” ಅಂದ ಅಪ್ಪ.

ಅಕ್ಕ ಮೂರನೆಯ ಇಯತ್ತೆ ತನಕ ಓದಿದವಳು. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಒಮ್ಮೆ ಮನಸ್ಸಿನಲ್ಲೇ ಓದಿಕೊಂಡೆ. ಈ ಸಲವೂ ಇಲ್ಲದ್ದನ್ನು ಓದಬಹುದಿತ್ತು. ಅಕ್ಕ ಆರಾಮ ಇದ್ದಾಳಂತೆ ಅಂತ ಒಂದು ಮಾತು ಹೇಳಿ ಕಾರ್ಡು ಮಡಚಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಕ್ಕ ಬರೆದದ್ದನ್ನು ಕಣ್ಣಾರೆ ನೋಡಿದ ಮೇಲೆ ಸುಳ್ಳು ಓದಲು ನನ್ನಿಂದ ಆಗಲಿಲ್ಲ. ಇದ್ದದ್ದು ಇದ್ದ ಹಾಗೆ ಓದಿದೆ.

“ಅಪ್ಪಾ, ನೀನು ಕರಿಯಾಕ ಬರತೇನಿ ಅಂತ ಬರೆಸಿದ ಕಾರ್ಡು ಮುಟ್ಟಿತು. ಅವ್ವ ಹೋದ ಮ್ಯಾಲ ನನಗ ತವರಮನಿ ಇಲ್ಲ ಅಂತ ತಿಳಕೊಂಡಿದ್ದೆ. ಕಾರ್ಡು ಬಂದ ದಿನ ಹೊಟ್ಟಿ ತುಂಬ ಉಂಡೆ. ಗಂಟು ಕಟ್ಟಿ ಇಟ್ಟೇನಿ. ಲಗೂನ ಬಾ.”

ಅಪ್ಪನ ಕೈಯಲ್ಲಿ ಹಗ್ಗ ನಿಂತುಬಿಟ್ಟಿತು. “ಇನ್ನೊಮ್ಮೆ ಓದು” ಅಂದ. ಇನ್ನೊಮ್ಮೆ ಓದಿದೆ.

“ನಾ ಹಿಂಗ ಬರಸಿದ್ನೇನ?”

“ಇಲ್ಲಪ್ಪಾ. ನಾನಽ ಬರದೆ. ಅರಿಷಿಣಾನೂ ನಾನಽ ಹಚ್ಚಿದೆ.”

ಆಯಿ ಮೊರ ಕೆಳಗಿಟ್ಟು ಬಾಯಿ ಬಾಯಿ ಬಡಿದುಕೊಂಡಳು. “ಅಯ್ಯ ನಮ್ಮವ್ವ! ಸತ್ತ ಮನ್ಯಾಗಿಂದ ಅರಿಷಿಣದ ಕಾರ್ಡು ಕಳಿಸೈತಲ್ಲ ಇದು! ಬೀಗರು ಏನಂದಾರು? ಊರ ಮಂದಿ ಏನಂದಾರು?”

ನಾನು ಏಟು ಬೀಳುತ್ತದೆ ಅಂತ ಕಣ್ಣು ಮುಚ್ಚಿ ನಿಂತೆ. ಬೀಳಲಿಲ್ಲ. ಕಣ್ಣು ಬಿಟ್ಟರೆ ಅಪ್ಪ ಗೋಡೆಗೆ ತಲೆ ಆನಿಸಿ ಕೂತಿದ್ದ. “ಸುಮ್ಮನಿರ ಬೇ” ಅಂದ ಆಯಿಗೆ. “ನನ್ನ ಮಗಳು ತವರಿಲ್ಲ ಅಂತ ತಿಳಕೊಂಡು ಉಪವಾಸ ಕುಂತಿದ್ಲಂತ. ಇದನ್ನ ಕೇಳಿ ನಾ ಮನ್ಯಾಗ ಹ್ಯಾಂಗ ಕುಂದರ್ಲಿ?” ಆಮೇಲೆ ನನ್ನ ಕಡೆ ತಿರುಗಿದ. “ನಾಳಿ ನಸುಕಿನ್ಯಾಗ ಏಳು. ಬರದಾಕಿ ನೀನು, ನೀನೂ ನಡಿ.”

ಬೆಳಕು ಹರಿಯುವ ಮೊದಲೇ ಹೊರಟೆವು. ಎರೆ ಮಣ್ಣು ಚಪ್ಪಲಿಗೆ ಅಂಟಿ ಅಂಟಿ ಒಂದೊಂದು ಕಾಲೂ ಒಂದು ಮಣ ಭಾರವಾಗುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಹಳ್ಳದಲ್ಲಿ ನೀರು ಬಂದಿತ್ತು, ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿದ. ದಾರಿಯುದ್ದಕ್ಕೂ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು. ತಾಳಿಕೋಟೆ ಬಜಾರದಲ್ಲಿ ಒಣಕೊಬ್ಬರಿಯ ಬಟ್ಟಲು, ಬೆಲ್ಲ ತೆಗೆದುಕೊಂಡು ಸಿಂದಗಿಯ ಬಸ್ಸು ಹತ್ತಿದೆವು.

ಬಸ್ಸಿನ ತುಂಬ ಒದ್ದೆ ಕಂಬಳಿಯ ವಾಸನೆ. ಮಗಳನ್ನೋ ತಂಗಿಯನ್ನೋ ಕರೆಯಲು ಹೊರಟವರೇ ಬಹಳ. ಎಲ್ಲರ ತೊಡೆಯ ಮೇಲೂ ಉಂಡಿಯ ಡಬ್ಬಿ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ ಅಂತ ತಮ್ಮ ತಮ್ಮ ಡಬ್ಬಿಯ ಸುದ್ದಿ ಹೇಳಿಕೊಳ್ಳುತ್ತಿದ್ದರು. ಮಗ್ಗುಲಲ್ಲಿದ್ದ ಮುದುಕ ಅಪ್ಪನನ್ನು ಕೇಳಿದ, “ನೀವು ಏನ್ ಒಯ್ಯಾಕತ್ತೀರಿ?” ಅಪ್ಪ ಕೊಬ್ಬರಿಯ ಗಂಟಿನ ಮೇಲೆ ರುಮಾಲು ಎಳೆದುಕೊಂಡ. “ನಮ್ಮ ಮನ್ಯಾಗ ಮಾಡಾಕಿ ಇಲ್ರಿ” ಅಂದ. ಮುದುಕ ತನ್ನ ಡಬ್ಬಿ ತೆರೆದು ಒಂದು ಉಂಡಿ ನನ್ನ ಕೈಗಿಟ್ಟ. ನಾನು ಅದನ್ನು ತಿನ್ನದೆ ಕಿಸೆಯಲ್ಲಿ ಇಟ್ಟುಕೊಂಡೆ.

ನಾವು ಅಕ್ಕನ ಊರು ಮುಟ್ಟಿದಾಗ ಹೊತ್ತು ಇಳಿದಿತ್ತು. ಬಾಗಿಲಲ್ಲಿ ಅಕ್ಕನ ಅತ್ತೆ ಇದ್ದಳು. “ಬರ್ರಿ ಬೀಗರ” ಅಂತ ಕಾಲಿಗೆ ನೀರು ಕೊಟ್ಟಳು. ಕೂತು ಚಹಾ ಕುಡಿದ ಮೇಲೆ ಮೆಲ್ಲಗೆ ಮಾತು ತೆಗೆದಳು. “ತಪ್ಪು ತಿಳಕೋಬ್ಯಾಡ್ರಿ. ಕಾರ್ಡಿಗೆ ಅರಿಷಿಣ ಹತ್ತಿತ್ತು. ವರ್ಷ ಕಳೀದ ಮನ್ಯಾಗಿಂದ ಹಿಂಗ ಬರ್ತೈತೇನು ಅಂತ ನಮಗೂ ತಿಳೀಲಿಲ್ಲ. ಕಳಿಸಬೇಕೋ ಬ್ಯಾಡೋ ಅಂತ ವಿಚಾರ ಮಾಡಾಕತ್ತಿದ್ವಿ.”

ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಅಪ್ಪ ನನ್ನ ಕಡೆ ಒಂದು ಸಲ ನೋಡಿದ. ಈಗ ಹೇಳುತ್ತಾನೆ, ಇದೇ ನೋಡ್ರಿ ಮಾಡಿದ್ದು ಅಂತ ನನ್ನನ್ನು ಮುಂದೆ ದೂಡುತ್ತಾನೆ ಅಂದುಕೊಂಡೆ.

“ಹೌದ್ರಿ” ಅಂದ ಅಪ್ಪ. “ಅರಿಷಿಣ ನಾವಽ ಹಚ್ಚಿದ್ದು. ಹಬ್ಬ ಇರ್ಲಿ ಬಿಡ್ಲಿ, ಮಗಳು ಮನಿಗೆ ಬರೂದು ನಮಗ ಶುಭಾನ ಐತ್ರಿ.”

ಅಕ್ಕನ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, “ಕರಕೊಂಡು ಹೋಗ್ರಿ” ಅಂದಳು. ಒಳಗಿನಿಂದ ಅಕ್ಕ ಓಡಿ ಬಂದು ಅಪ್ಪನ ಕಾಲು ಮುಟ್ಟಿದವಳು ಎಷ್ಟು ಹೊತ್ತಾದರೂ ಏಳಲೇ ಇಲ್ಲ.

ಮರುದಿನ ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ. ಅಕ್ಕ ನನ್ನ ಕಿವಿಗೆ ಬಾಯಿಟ್ಟು ಕೇಳಿದಳು, “ಏ ಸಣ್ಣಕಿ, ಆ ಕಾರ್ಡು ಅಪ್ಪ ಹೇಳದ ನೀನಽ ಬರದದ್ದು ಹೌದಿಲ್ಲೋ?”

“ನಿನಗ ಹ್ಯಾಂಗ ಗೊತ್ತಾತು?”

“ಅಪ್ಪ ಈ ವರ್ಷ ಅರಿಷಿಣ ಹಚ್ಚಸಾಂವ ಅಲ್ಲ. ಅರಿಷಿಣ ನೋಡಿದ ಕೂಡಲೇ ಗೊತ್ತಾತು.”

“ಗೊತ್ತಿದ್ದೂ ಗಂಟು ಕಟ್ಟಿದೆ?”

ಅಕ್ಕ ಕಿಟಕಿಯ ಹೊರಗೆ ನೋಡಿದಳು. “ಮತ್ತೇನ್ ಮಾಡ್ಲಿ? ಒಬ್ಬಾಕಿಯಾದ್ರೂ ಕರದಾಳಲ್ಲ ಅಂತ ಕಟ್ಟಿದೆ” ಅಂದಳು. ನಾನು ಅವಳ ತೊಡೆಯ ಮೇಲೆ ಮುಖವಿಟ್ಟು ಅತ್ತೆ. ಅವ್ವ ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ಊರಿಗೆ ಬಂದಾಗ ಅದು ರೊಟ್ಟಿ ಹಬ್ಬದ ದಿನ. ಪಂಚಮಿಯ ಹಾಲು ಎರೆಯುವ ಹಿಂದಿನ ದಿನ ಮನೆಮನೆಯವರು ರೊಟ್ಟಿ ಮಾಡಿ ಒಬ್ಬರಿಗೊಬ್ಬರು ಬೀರುತ್ತಾರೆ. ನಮ್ಮ ಮನೆಗೂ ನೆರೆಯವರು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ ತಂದಿಟ್ಟು, ಅಕ್ಕನ ಗಲ್ಲ ಸವರಿ ಹೋದರು. ಅಕ್ಕ ಕಾಲು ತೊಳೆದವಳೇ ಸೆರಗು ಸಿಗಿಸಿ ಹಿಟ್ಟು ನಾದಲು ಕೂತಳು. “ರೊಟ್ಟಿಗೇನು ಎಣ್ಣಿ ಬೇಕಾಗಿಲ್ಲಲ್ಲ ಆಯಿ” ಅಂದಳು. ಆಯಿ ಹೂಂ ಅಂದಳು. ಪಟಪಟ ರೊಟ್ಟಿ ಬಡಿಯುವ ಸಪ್ಪಳ ಮನೆ ತುಂಬಿತು. ಅಪ್ಪ ಎತ್ತಿಗೆ ಮೇವು ಹಾಕುತ್ತಿದ್ದವನು ಒಳಗೆ ಬಂದು ಅಡಿಗೆ ಮನೆಯ ಬಾಗಿಲಲ್ಲಿ ನಿಂತ. ಆ ಸಪ್ಪಳ ಅವ್ವನ ಕೈಯದ್ದರ ಹಾಗೇ ಇತ್ತು. ಅಂದು ಅಪ್ಪ ನಾಲ್ಕು ರೊಟ್ಟಿ ತಿಂದ.

ಮರುದಿನ ನಾಗಪ್ಪನಿಗೆ ಹಾಲು ಎರೆಯುವುದು. “ಉಂಡಿ ಇಲ್ದಿದ್ರ ನಡೀತೈತಿ, ನಾಗಪ್ಪನ ಹಾಲು ತಪ್ಪಿಸಬಾರದು” ಅಂತ ಆಯಿಯೇ ಹೇಳಿದಳು. ನಾವು ನಾಲ್ಕೂ ಮಂದಿ ಊರ ಹೊರಗಿನ ನಾಗರಕಲ್ಲಿಗೆ ಹೋದೆವು. ಊರ ಹೆಂಗಸರೆಲ್ಲ ನೆರೆದಿದ್ದರು. ಕಲ್ಲು ಹಾಲಿನಿಂದ ತೋಯ್ದು ಬೆಳ್ಳಗಾಗಿತ್ತು. ಹಾಲು ಸುಮ್ಮನೆ ಎರೆಯುವುದಿಲ್ಲ. ಕೊಬ್ಬರಿ ಬಟ್ಟಲಿನಲ್ಲಿ ಹಾಲು ತೆಗೆದು, ಮನೆಯ ಒಬ್ಬೊಬ್ಬರ ಹೆಸರಿಗೆ ಒಂದೊಂದು ಸಲ ಎರೆಯಬೇಕು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಅಂತ ಬಾಯಿಬಿಟ್ಟು ಹೇಳಬೇಕು. ಎಲ್ಲರನ್ನೂ ಚೆನ್ನಾಗಿಡು ಅಂತ ಅದರ ಅರ್ಥ.

ಮೊದಲು ಅಕ್ಕ ಎರೆದಳು. ದೇವರ ಪಾಲು ಅಂದಳು, ಗುರುವಿನ ಪಾಲು ಅಂದಳು, ಆಯಿ ಪಾಲು, ಅಪ್ಪನ ಪಾಲು ಅಂದಳು. ಅಲ್ಲಿಗೆ ಅವಳ ಕೈ ನಿಂತಿತು. ತುಟಿ ಕಚ್ಚಿಕೊಂಡು ಒಂದು ಪಾಲು ದಾಟಿಸಿ, “ತಂಗಿ ಪಾಲು” ಅಂದಳು.

ಆಮೇಲೆ ನನ್ನ ಸರದಿ. ದೇವರು, ಗುರು, ಆಯಿ, ಅಪ್ಪ. ನ್ಯಾಯವಾಗಿ ನಾನೂ ದಾಟಿಸಬೇಕಾಗಿತ್ತು. ಆದರೆ ಹುಟ್ಟಿದಾಗಿನಿಂದ ಅಪ್ಪನ ಪಾಲಿನ ಹಿಂದೆ ಅವ್ವನ ಪಾಲು ಹೇಳಿದ ಬಾಯಿ. ದಾಟಿಸಲು ನನಗೆ ಮನಸ್ಸೂ ಇರಲಿಲ್ಲ. ಬಟ್ಟಲು ತುಂಬ ಹಾಲು ತೆಗೆದು, “ಅವ್ವನ ಪಾಲು” ಅಂತ ಗಟ್ಟಿಯಾಗಿ ಹೇಳಿ ಎರೆದುಬಿಟ್ಟೆ.

ನೆರೆದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಆಯಿ ನನ್ನ ರಟ್ಟೆ ಹಿಡಿದಳು. “ಏ ಹುಚ್ಚಿ, ಇದ್ದೋರ ಹೆಸರೀಲೆ ಎರೀತಾರ. ಹೋದೋರಿಗೆ ಎರಿಯಾಂಗಿಲ್ಲ!” ನಾನು ತಪ್ಪಾಯಿತು ಅನ್ನಲಿಲ್ಲ. ಬಟ್ಟಲು ಎದೆಗೆ ಅವಚಿಕೊಂಡು ನಿಂತೆ.

ಹಿಂದೆ ನಿಂತಿದ್ದ ಅಪ್ಪ ಮುಂದೆ ಬಂದ. ನನ್ನ ಕೈಯಿಂದ ಮೆಲ್ಲಗೆ ಬಟ್ಟಲು ತೆಗೆದುಕೊಂಡು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಆಗ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅಪ್ಪ ಅವ್ವನನ್ನು ಹೆಸರಿನಿಂದ ಕರೆದದ್ದನ್ನು ನಾನು ಕೇಳಿಯೇ ಇರಲಿಲ್ಲ. ಹಾಲು ತೆಗೆದ.

“ನನ್ನ ಮಕ್ಕಳ ಅವ್ವನ ಪಾಲು” ಅಂದ. ಎರೆದ.

ಅಪ್ಪನ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಅವ್ವನನ್ನು ಹೊತ್ತೊಯ್ದ ದಿನವೂ ಅವನು ಅತ್ತಿರಲಿಲ್ಲ. ಅಪ್ಪ ಕಲ್ಲುಮನಸ್ಸಿನವನು ಅಂತ ಮೂರು ತಿಂಗಳಿನಿಂದ ತಿಳಿದಿದ್ದೆನಲ್ಲ, ನನಗೆ ನಾಚಿಕೆಯಾಯಿತು. ಅಕ್ಕ ಬಂದು ಬಟ್ಟಲು ತೆಗೆದುಕೊಂಡು ತಾನು ದಾಟಿಸಿದ ಪಾಲನ್ನು ಎರೆದಳು. ಕೊನೆಗೆ ಆಯಿಯೂ ಕೈ ಚಾಚಿದಳು. ಮಂಜುಗಣ್ಣಿನ ಆಯಿಗೆ ಕಲ್ಲು ಸರಿಯಾಗಿ ಕಾಣುತ್ತಿರಲಿಲ್ಲ, ನಾನು ಅವಳ ಕೈ ಹಿಡಿದು ಎರೆಸಿದೆ. “ನನ್ನ ಸೊಸಿ ಪಾಲು” ಅಂದಳು.

ಮಕ್ಕಳೇ, ಈಗ ಕಾರ್ಡು ಬರೆಯುವವರಿಲ್ಲ, ಹೆಗಲ ಮೇಲೆ ಹಳ್ಳ ದಾಟಿಸುವವರೂ ಇಲ್ಲ. ನನ್ನ ಮಗಳು, ನಿಮ್ಮ ಸೋದರತ್ತೆ, ಪಂಚಮಿಗೆ ತಾನೇ ಗಾಡಿ ನಡೆಸಿಕೊಂಡು ಬರುತ್ತಾಳೆ. ಹೊರಟಾಗ ಒಂದು ಫೋನು, ಊಟಕ್ಕೆ ನಿಂತಾಗ ಒಂದು ಫೋನು. ನೀವು ಫೋನಿನಲ್ಲಿ ಅವಳ ಮುಖವನ್ನೇ ನೋಡುತ್ತೀರಿ. ಅದು ಒಳ್ಳೆಯದೇ ಬಿಡಿ. ಯಾರೂ ಹೊಸ್ತಿಲಲ್ಲಿ ಕೂತು ದಾರಿ ನೋಡಬೇಕಾಗಿಲ್ಲ. ಆ ಕಾಲವೇ ಚಂದವಿತ್ತು ಅಂತ ನಾನು ಹೇಳುವವಳಲ್ಲ. ಔಷಧ ಸರಿಯಾಗಿ ಸಿಕ್ಕಿದ್ದರೆ ನಮ್ಮ ಅವ್ವ ಉಳಿಯುತ್ತಿದ್ದಳೇನೋ.

ಹಾಲು ಎರೆಯುವುದು ಮಾತ್ರ ನಮ್ಮ ಮನೆಯಲ್ಲಿ ಇನ್ನೂ ಇದೆ. ನೀವು ಅಪ್ಪನ ಪಾಲು, ಅಮ್ಮನ ಪಾಲು, ಅಜ್ಜಿ ಪಾಲು ಅಂತ ಬಡಬಡ ಎರೆದು ಮುಗಿಸಿ ಆಟಕ್ಕೆ ಓಡುತ್ತೀರಿ. ನನ್ನ ಸರದಿ ಬಂದಾಗ, ಅಜ್ಜಿ ಯಾಕೆ ಇಷ್ಟು ಹೊತ್ತು ಮಾಡುತ್ತಾಳೆ, ಯಾರ ಯಾರ ಹೆಸರು ಗೊಣಗುತ್ತಾಳೆ ಅಂತ ಹೋದ ವರ್ಷ ಕೇಳಿದಿರಲ್ಲ, ಅದಕ್ಕೇ ಇಷ್ಟೆಲ್ಲ ಹೇಳಿದೆ. ಆ ಹೆಸರುಗಳಲ್ಲಿ ಅಪ್ಪ ಇದ್ದಾನೆ, ಅವ್ವ ಇದ್ದಾಳೆ, ಆಯಿ ಇದ್ದಾಳೆ, ಹೋದ ಮಳೆಗಾಲದಿಂದ ಅಕ್ಕನೂ ಇದ್ದಾಳೆ. ನಿಮ್ಮ ಪಾಲೂ ಅದರೊಳಗೇ ಬರುತ್ತದೆ, ಸ್ವಲ್ಪ ಹೊತ್ತು ನಿಲ್ಲಿ.